ಕೇಳಿ ಟೈಪ್ ಮಾಡುವವರು ಸ್ಕ್ರೈಬ್ ಆಗಬಹುದೇ?



2000ದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಚೆನ್ನಾಗಿ ಬೆಳೆಯಿತು. ಅಮೆರಿಕದ ಡಾಕ್ಟರು ಹೇಳಿ ರೆಕಾರ್ಡ್ ಮಾಡಿದ್ದನ್ನು ಇಲ್ಲಿಯವರು ಕೇಳಿ ಟೈಪ್ ಮಾಡಿ ಕಳಿಸುತ್ತಿದ್ದರು. ಬೈರಕೂರಿನಂಥ ಊರಿನಿಂದ ಡಿಗ್ರಿ ಮುಗಿಸಿ ಹೋದವರಿಗೂ ಅದೊಂದು ದಾರಿಯಾಗಿತ್ತು. ಅಂದು ಇಪ್ಪತ್ತೈದರ ಹುಡುಗಿ ಇಂದು ಐವತ್ತರ ಗೃಹಿಣಿ. ಮನೆ ಸಾಲ, ಮಕ್ಕಳ ಫೀಸು ಇನ್ನೂ ಇದೆ, ಕೆಲಸ ಮಾತ್ರ ಕಡಿಮೆಯಾಗುತ್ತಿದೆ.

ಕಾರಣ ಎರಡು. ಒಂದು, ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್. ಎರಡು, ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲೇ ಇಡಲು ಪ್ರೋತ್ಸಾಹಧನ ಕೊಟ್ಟ ಅಮೆರಿಕದ 2009ರ ಕಾಯಿದೆ. ಆಮೇಲೆ ಡಾಕ್ಟರೇ ಟೈಪ್ ಮಾಡುವಂತಾಯಿತು. ಅವರ ಹೊರೆ ಇಳಿಸುವವರೇ ಮೆಡಿಕಲ್ ಸ್ಕ್ರೈಬ್. ಇವರು ಡಾಕ್ಟರ ಪಕ್ಕದಲ್ಲಿ ಕೂತು ಅಥವಾ ಇಂಟರ್ನೆಟ್ ಮೂಲಕ ಕೇಳಿಸಿಕೊಂಡು ಅಲ್ಲಲ್ಲೇ ಬರೆಯುತ್ತಾರೆ.

1. ಕೈಯಲ್ಲಿ ಇರುವುದು
ರೋಗಗಳ, ಔಷಧಿಗಳ ಹೆಸರು ನಿಮಗೆ ಗೊತ್ತು. ಹೈಪೋ, ಹೈಪರ್ ಎಂಬ ಒಂದಕ್ಷರದ ಅಂತರ ಎಷ್ಟು ದೊಡ್ಡದೆಂದೂ ಗೊತ್ತು. ರೋಗಿಯ ಗುಟ್ಟು ಕಾಯುವ ಅಭ್ಯಾಸವೂ ಇದೆ. ಇದು ಸಣ್ಣ ಆಸ್ತಿಯಲ್ಲ.

2. ಹೊಸದಾಗಿ ಕಲಿಯಬೇಕಾದ್ದು
ಮೊದಲು ರೆಕಾರ್ಡನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಬಹುದಿತ್ತು. ಈಗ ಸಿಗುವುದು ಮಾತುಕತೆ. ರೋಗಿ ಮೊಣಕಾಲು ನೋವಿನಿಂದ ಮಗಳ ಮದುವೆ ತನಕ ಹೋಗುತ್ತಾರೆ. ಬೇಕಾದ್ದನ್ನು ಆರಿಸಿ ಬರೆಯಬೇಕು. ಅದಕ್ಕೆ ಡಾ. ಲಾರೆನ್ಸ್ ವೀಡ್ 1960ರ ದಶಕದಲ್ಲಿ ತೋರಿಸಿದ ನಾಲ್ಕು ಭಾಗಗಳ ಕ್ರಮವಿದೆ: ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ಡಾಕ್ಟರ ತೀರ್ಮಾನ, ಮುಂದಿನ ಚಿಕಿತ್ಸೆ.

"ಸಕ್ಕರೆ ಕಾಯಿಲೆ ನಮ್ಮಮ್ಮನಿಗಿತ್ತು, ನನಗಿಲ್ಲ" ಎಂದರೆ ಅದು ಕುಟುಂಬದ ವಿವರ. ರೋಗಿಯ ಕಾಯಿಲೆ ಎಂದು ಬರೆದರೆ ಮುಂದೆ ನೋಡುವ ಡಾಕ್ಟರು ದಾರಿ ತಪ್ಪುತ್ತಾರೆ.

3. ಬಿಡಲೇಬಾರದ ನಿಯಮ
ಅಂದಾಜು ಬೇಡ, ಸಂಶಯ ಬಂದರೆ ಕೇಳಿ. ಡಾಕ್ಟರು ಎದೆ ಪರೀಕ್ಷೆ ಮಾಡದಿದ್ದರೆ "ಎದೆ ಸರಿಯಿದೆ" ಎಂದು ಬರೆಯಬೇಡಿ. ಓದಿ ಸಹಿ ಹಾಕುವ ಹೊಣೆ ಡಾಕ್ಟರದು. ರೋಮನರಿಗೆ ಬರೆದ ಪತ್ರವನ್ನು ಬರೆದುಕೊಂಡವನು ತೆರ್ತ್ಯ. ಆದರೂ ಪತ್ರ ಸಂತ ಪೌಲರದೇ.

4. ಹೆಜ್ಜೆ ಇಡುವ ಮುನ್ನ
ಈಗ ಮಾತುಕತೆಯನ್ನೇ ಕೇಳಿ ಟಿಪ್ಪಣಿ ಬರೆಯುವ ಸಾಫ್ಟ್‌ವೇರ್‌ಗಳೂ ಬಂದಿವೆ. ಆದ್ದರಿಂದ ಇದು ಜೀವಮಾನದ ಕೆಲಸ ಎಂದು ಯಾರೂ ಮಾತು ಕೊಡಲಾರರು. ಆ ಟಿಪ್ಪಣಿಯ ತಪ್ಪು ಹಿಡಿಯುವುದನ್ನೂ ಕಲಿತಿರಿ. ನೇಮಕದ ಪತ್ರ ಕೈಗೆ ಬರದೆ ಇರುವ ಕೆಲಸ ಬಿಡಬೇಡಿ. ತರಬೇತಿಗೆಂದು ಮುಂಗಡ ಹಣ ಕೇಳುವವರನ್ನು ನಾಲ್ಕು ಜನರ ಬಳಿ ವಿಚಾರಿಸಿ. ಅಮೆರಿಕದ ಹಗಲು ನಮಗೆ ರಾತ್ರಿ, ಬಿ.ಪಿ., ಶುಗರ್ ಇರುವವರು ಮೊದಲು ಡಾಕ್ಟರನ್ನು ಕಾಣಿರಿ.

ಸಂಘದ ಸಭೆಯಲ್ಲಿ ಮಾಡಿ ನೋಡಿ
ಒಬ್ಬರು ಡಾಕ್ಟರು, ಒಬ್ಬರು ರೋಗಿಯಾಗಿ ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲೇ ಐದು ನಿಮಿಷ ಮಾತಾಡಿ. ಮೂರನೆಯವರು ನಾಲ್ಕು ಭಾಗ ಮಾಡಿ ಬರೆಯಲಿ. ನಂತರ ಓದಿಸಿ, ಚರ್ಚಿಸಿ:
ಅ) ಯಾವುದು ಬಿಟ್ಟುಹೋಯಿತು?
ಆ) ಹೇಳದೆ ಇದ್ದದ್ದು ಎಲ್ಲಾದರೂ ಸೇರಿತೇ?