ಸೊಂಟ ನೋವು: ಮಾಡಬೇಕಾದ್ದು, ಮಾಡಬಾರದ್ದು

ಬೈತಖೋಲ್, ಬೇಲೆಕೇರಿ ಬಂದರುಗಳಲ್ಲಿ ದುಡಿಯುವವರು, ಗದ್ದೆ ಕೆಲಸದವರು, ಲಾರಿ ಚಾಲಕರು ಮತ್ತು ಅವರ ಮನೆಯವರ ಗಮನಕ್ಕೆ.

ಸೊಂಟ ನೋವು ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಗಂಭೀರ ರೋಗ ಇರುವುದಿಲ್ಲ. ಅವರಿಗೆ ಓಡಾಟ, ವ್ಯಾಯಾಮ, ಆಸ್ಟಿಯೋಪಥಿಯಂಥ ಕೈಚಿಕಿತ್ಸೆ ನೆರವಾಗಬಹುದು. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಆರಂಭಿಸಿದ ಆಸ್ಟಿಯೋಪಥಿಯಲ್ಲಿ ಸ್ನಾಯು, ಕೀಲುಗಳ ಬಿಗಿತವನ್ನು ಕೈಯಿಂದ ಒತ್ತಿ, ಎಳೆದು ಸಡಿಲಿಸುತ್ತಾರೆ. ಮುರಿದ ಮೂಳೆ, ಸೋಂಕು, ಗಡ್ಡೆ, ಒತ್ತಿಹೋದ ನರಕ್ಕೆ ಇದು ಮದ್ದಲ್ಲ. ನರ ಒತ್ತಿಹೋಗಿ ಮೂತ್ರ ಕಟ್ಟಿದವರಿಗೆ ಶಸ್ತ್ರಚಿಕಿತ್ಸೆ ತಡವಾದರೆ ಮೂತ್ರದ ಹಿಡಿತವೂ ಕಾಲಿನ ಬಲವೂ ಮತ್ತೆ ಬಾರದೇ ಹೋಗಬಹುದು.

ಮಾಡಬೇಕಾದ್ದು

*ಅಪಾಯದ ಗುರುತು ಕಂಡರೆ*

- ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ 108ಕ್ಕೆ ಕರೆ ಮಾಡಿ.
- ತೊಡೆಸಂದಿ, ಗುದದ್ವಾರದ ಸುತ್ತ ಜೋಮು ಹಿಡಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.
- ಪಾದ ಎತ್ತಲಾಗದಿದ್ದರೆ ಅಂಕೋಲಾ ತಾಲೂಕು ಆಸ್ಪತ್ರೆ ಅಥವಾ ಕಾರವಾರದ ಕ್ರಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.
- ಎಂಆರ್‌ಐ, ಶಸ್ತ್ರಚಿಕಿತ್ಸೆ ಅಲ್ಲೇ ಆಗುತ್ತದೆಯೇ ಎಂದು ಬಾಗಿಲಲ್ಲೇ ಕೇಳಿ.
- ಆಗದಿದ್ದರೆ ವೈದ್ಯರ ಪತ್ರ ಪಡೆದು ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾದ ಬಾಂಬೋಲಿಂನ ದೊಡ್ಡ ಆಸ್ಪತ್ರೆಗೆ ಅಂದೇ ಹೊರಡಿ.
- ಮರದಿಂದ, ದೋಣಿಯಿಂದ, ಬೈಕಿನಿಂದ ಬಿದ್ದ ಮೇಲೆ ನೋವು ಬಂದರೆ ಎಕ್ಸ್‌ರೇ ಮಾಡಿಸಿ.
- ನೋವಿನ ಜೊತೆ ಜ್ವರವಿದ್ದರೆ ರಕ್ತ ಪರೀಕ್ಷೆ ಮಾಡಿಸಿ.
- ಕೆಸರಿಗೆ ಇಳಿದಿದ್ದರೆ, ಕಾಡಿಗೆ ಹೋಗಿದ್ದರೆ ವೈದ್ಯರಿಗೆ ಹೇಳಿ. ಇಲಿ ಜ್ವರ, ಮಂಗನ ಕಾಯಿಲೆ ಎರಡರಲ್ಲೂ ಜ್ವರದ ಜೊತೆ ಮೈಕೈ, ಸೊಂಟ ನೋಯುತ್ತವೆ.
- ತೂಕ ಇಳಿಯುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ ಬೆನ್ನುಮೂಳೆಯ ಕ್ಷಯ ಇದೆಯೇ ಎಂದು ಪರೀಕ್ಷಿಸಲು ಹೇಳಿ.

*ದಿನದ ಕೆಲಸದಲ್ಲಿ*

- ಮೀನಿನ ಬುಟ್ಟಿಯಿಂದ ಐಸ್ ನೀರು ಬಸಿದು ಹೋಗಲು ಬಿಡಿ.
- ಬುಟ್ಟಿ ಎತ್ತಲು ಇನ್ನೊಬ್ಬರನ್ನು ಕರೆಯಿರಿ.
- ಇಬ್ಬರೂ ಎದುರುಬದುರು ನಿಂತು ಮಂಡಿ ಬಗ್ಗಿಸಿ ಅಂಚು ಹಿಡಿಯಿರಿ.
- ಬುಟ್ಟಿಯನ್ನು ಹೊಟ್ಟೆಗೆ ತಾಗಿಸಿಕೊಂಡು ಒಟ್ಟಿಗೆ ಏಳಿ.
- ತಿರುಗಬೇಕಾದರೆ ಪಾದ ಕಿತ್ತಿಟ್ಟು ತಿರುಗಿ.
- ಮೀನುಗಾರಿಕೆ ನಿಷೇಧದಿಂದ ಬೋಟ್ ನಿಂತಿರುವ ಜೂನ್ 1ರಿಂದ ಜುಲೈ 31ರವರೆಗೂ ದಿನಾ ನಡೆಯಿರಿ, ವ್ಯಾಯಾಮ ಮಾಡಿ.
- ಮತ್ತೆ ಕೆಲಸ ಶುರುವಾಗುವ ಆಗಸ್ಟ್ ಮೊದಲ ವಾರ ಕಡಿಮೆ ಭಾರ ಎತ್ತಿ.
- ನಾಟಿ ಮಾಡುವಾಗ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಹಿಂದಕ್ಕೆ ಬಾಗಿ.
- ಅರಬೈಲ್ ಘಟ್ಟ ಹತ್ತುವ ಮೊದಲು ಲಾರಿಯಿಂದ ಇಳಿದು ಐದು ನಿಮಿಷ ನಡೆಯಿರಿ.

*ಕೈಚಿಕಿತ್ಸೆಗೆ ಹೋಗುವಾಗ*

- ಮೊದಲು ವೈದ್ಯರಿಗೆ ತೋರಿಸಿ.
- ಚಿಕಿತ್ಸಕರು ಎಲ್ಲಿ, ಎಷ್ಟು ವರ್ಷ ಕಲಿತಿದ್ದಾರೆಂದು ಕೇಳಿ.
- ಬಸಿರು, ಮೂಳೆ ಸವೆತ, ಹಳೆಯ ಆಪರೇಷನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಂಚೆಯೇ ತಿಳಿಸಿ.
- ಮನೆಯಲ್ಲಿ ಮಾಡುವ ವ್ಯಾಯಾಮ ಕಲಿತು ಬನ್ನಿ.
- ಮೂರು ನಾಲ್ಕು ಸಲಕ್ಕೂ ಫಲ ಕಾಣದಿದ್ದರೆ ವೈದ್ಯರ ಬಳಿ ಮರಳಿ ಹೋಗಿ.

ಮಾಡಬಾರದ್ದು

- ಅಪಾಯದ ಗುರುತು ಇರುವಾಗ ಬೆನ್ನು ತಿಕ್ಕಿಸುವುದು, ತಿರುಗಿಸುವುದು ಬೇಡ.
- ಉಳುಕು ಬಿಡಲೆಂದು ಬೆನ್ನಿಗೆ ಒದೆಸಿಕೊಳ್ಳಬಾರದು.
- ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು ಬೇಡ.
- ಕ್ಷೌರದಂಗಡಿಯಲ್ಲಿ ಲಟಕ್ಕೆಂದು ಕುತ್ತಿಗೆ ತಿರುಗಿಸಿಕೊಳ್ಳಬಾರದು. ಕುತ್ತಿಗೆಯ ರಕ್ತನಾಳ ಹರಿದರೆ ಪಾರ್ಶ್ವವಾಯು ಬಡಿಯಬಹುದು.
- ಲಟಕ್ ಸದ್ದು ಕೇಳಿದರೆ ಎಲುಬು ಜಾಗಕ್ಕೆ ಬಂತು ಎಂದು ನಂಬುವುದು ಬೇಡ.
- ಮೂಳೆ ಸವೆದ ಅಜ್ಜ, ಅಜ್ಜಿಯ ಬೆನ್ನಿಗೆ ಜೋರಾಗಿ ಒತ್ತಡ ಹಾಕಬಾರದು.
- ಕಾಲು ಸೋತರೆ ಲಕ್ವ ಎಂದು ಮನೆಯಲ್ಲೇ ತೀರ್ಮಾನ ಮಾಡಬಾರದು.
- ಬಿದ್ದು ಬೆನ್ನಿಗೆ ಪೆಟ್ಟಾದವರನ್ನು ಬೈಕಿನಲ್ಲಿ ಕೂರಿಸಿ ಒಯ್ಯಬಾರದು.
- ಸಾಮಾನ್ಯ ಸೊಂಟ ನೋವಿಗೆ ವಾರಗಟ್ಟಲೆ ಮಲಗುವುದು ಬೇಡ.
- ಸೊಂಟದ ಬೆಲ್ಟ್ ನಂಬಿ ಭಾರ ಎತ್ತುವುದು ಬೇಡ. ಹಳೆಯ ಸೊಂಟ ನೋವಿಗೆ ಬೆಲ್ಟ್ ವಾಡಿಕೆಯ ಚಿಕಿತ್ಸೆ ಆಗಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.
- ನೋವಿನ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ದಿನಾ ನುಂಗಬಾರದು. ಹೊಟ್ಟೆಯಲ್ಲಿ ರಕ್ತ ಒಸರಬಹುದು, ಕಿಡ್ನಿ ಕೆಡಬಹುದು.
- ಹೆಸರು, ಲೇಬಲ್ ಇಲ್ಲದ ಪುಡಿ ಬೇಡ.
- ಇಪ್ಪತ್ತು ಸಲದ ಕೈಚಿಕಿತ್ಸೆಯ ಪ್ಯಾಕೇಜಿಗೆ ಮುಂಗಡ ಹಣ ಬೇಡ.
- ಕೈಚಿಕಿತ್ಸೆಗೆ ಹೋದೆವೆಂದು ಶುಗರ್, ಬಿಪಿ ಮಾತ್ರೆ ನಿಲ್ಲಿಸಬಾರದು.
- ಮೂತ್ರದ ತೊಂದರೆಯನ್ನು ನಾಚಿಕೆಗೆ ಮುಚ್ಚಿಡುವುದು ಬೇಡ. ಗಂಡನಿಗೆ, ಮಗನಿಗೆ ಹೇಳಲಾಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ.
- ಅಪಾಯದ ಗುರುತು ರಾತ್ರಿ ಕಂಡರೆ ಬೆಳಗಾಗಲಿ ಎಂದು ಕಾಯುವುದು ಬೇಡ.