ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಬೇಡ

ಕೊಡಗಿನ ತೋಟಗಳಲ್ಲಿ ಕೆಲಸಕ್ಕೆ ಹೋಗುವ ಅಕ್ಕ-ತಂಗಿಯರೇ, ಕೂಲಿ ಮಾತಾಡುವಾಗ ‘ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು’ ಎಂದರೆ ಸುಮ್ಮನೆ ತಲೆಯಾಡಿಸಬೇಡಿ. ಕೆಲಸ ಯಾವುದು ಎಂದು ಮೊದಲು ಕೇಳಿ.

ಕಿಲೋ ಲೆಕ್ಕದಲ್ಲಿ ಕಾಫಿ ಹಣ್ಣು ಕುಯ್ಯುವಾಗ ತಕ್ಕಡಿಗೆ ಗಂಡು-ಹೆಣ್ಣಿನ ಭೇದವಿಲ್ಲ. ವ್ಯತ್ಯಾಸ ನುಸುಳುವುದು ದಿನಗೂಲಿಯಲ್ಲಿ. ಮರ ಹತ್ತಿ ಕೊಂಬೆ ಕಡಿಯುವವರಿಗೆ, ಏಣಿಯ ಮೇಲೆ ನಿಂತು ಕರಿಮೆಣಸು ಕುಯ್ಯುವವರಿಗೆ ಹೆಚ್ಚು ಕೊಡುವುದು ನ್ಯಾಯವೇ. ಅದು ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಆದರೆ ಎಲ್ಲರೂ ಒಟ್ಟಿಗೆ ಗೊಬ್ಬರ ಹಾಕುವ ದಿನ, ಕಣದಲ್ಲಿ ಕಾಫಿ ಹರಡುವ ದಿನವೂ ಗಂಡಸರಿಗೆ ಆ ಹೆಚ್ಚಿನ ದರವೇ ನಡೆದರೆ ಅದು ಅನ್ಯಾಯ. ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕಳೆ ಕೀಳುವ ಬೆನ್ನಿನ ನೋವನ್ನು ‘ಹಗುರ ಕೆಲಸ’ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ತೋಟದ ಮಾಲೀಕರೂ ಗಮನಿಸಿ: ಸಮ ಮಾಡುವ ನೆಪದಲ್ಲಿ ಗಂಡಸರ ಕೂಲಿ ಇಳಿಸುವಂತಿಲ್ಲ, ಹೆಂಗಸರದ್ದನ್ನು ಏರಿಸಬೇಕು.

ಯಾವ ದಿನ ಯಾವ ಕೆಲಸ, ಕೈಗೆ ಬಂದದ್ದೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಮೇಸ್ತ್ರಿಯ ಬಳಿ ಒಬ್ಬರೇ ಹೋಗದೆ ನಾಲ್ಕಾರು ಜನ ಸೇರಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಆ ಪುಸ್ತಕ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ.