ಮಗು ಕಟ್ಟುವ ಬಟ್ಟೆಗೆ ಬಣ್ಣ ಹಾಕುವ ಮುನ್ನ

ಹಳೆ ಸೀರೆಯಲ್ಲಿ ಜೋಲಿ ಕಟ್ಟಿ ಮಗುವನ್ನು ಮಲಗಿಸುವುದು, ಬೆನ್ನಿಗೆ ಬಿಗಿದುಕೊಂಡು ಹೊಲಕ್ಕೆ ಹೋಗುವುದು ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಹೊಸದಲ್ಲ. ಈಗ ನೀವೇ ಮಗುವನ್ನು ಮೈಗೆ ಕಟ್ಟಿಕೊಳ್ಳುವ ಅಂಥ ಬಟ್ಟೆ ಹೊಲಿದು, ಬಣ್ಣವನ್ನೂ ಮನೆಯಲ್ಲೇ ಹಾಕಲು ಹೊರಟಿದ್ದೀರಿ. ಸಂತೋಷ. ಆದರೆ ಎಲ್ಲರೂ ಬಣ್ಣದ ವಿಷಯವನ್ನೇ ಕೇಳುತ್ತೀರಿ, ಬಟ್ಟೆಯ ವಿಷಯ ಯಾರೂ ಕೇಳುವುದಿಲ್ಲ. ಇದು ಸರಿಯಲ್ಲ.

ಒತ್ತಾಗಿ ನೇಯ್ದ ಹತ್ತಿ ಬಟ್ಟೆಯನ್ನೇ ಆರಿಸಿ. ಕೊಳ್ಳೇಗಾಲದ ರೇಷ್ಮೆ ಹಬ್ಬಕ್ಕಿರಲಿ, ಅದರ ಗಂಟು ಜಾರುತ್ತದೆ. ನೈಲಾನ್‌ನಲ್ಲಿ ಮಗು ಬೆವರುತ್ತದೆ. ಉದ್ದ ನಾಲ್ಕೂವರೆಯಿಂದ ಐದು ಮೀಟರ್, ಅಗಲ 60–70 ಸೆಂಟಿಮೀಟರ್ ಸಾಕು. ಎರಡು ತುಂಡು ಜೋಡಿಸಿ ಉದ್ದ ಮಾಡಬೇಡಿ. ಅಂಚನ್ನು ಎರಡು ಸಲ ಮಡಚಿ ಹೊಲಿದು, ಬಿಡಿ ಎಳೆಗಳನ್ನೆಲ್ಲ ಕತ್ತರಿಸಿ. ಒಂದು ದಾರ ಬೆರಳಿಗೆ ಸುತ್ತಿಕೊಂಡರೂ ಮಗುವಿಗೆ ಅಪಾಯ.

ಇನ್ನು ಬಣ್ಣ. ಮಗು ಆ ಬಟ್ಟೆಯನ್ನು ಚೀಪದೆ ಬಿಡುವುದಿಲ್ಲ, ಇದನ್ನು ಮರೆಯಬೇಡಿ. ಬಣ್ಣ ನಿಲ್ಲಲೆಂದು ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ, ಮುಟ್ಟಲೇಬೇಡಿ. ಅರಿಶಿನ ನಮ್ಮ ಜಿಲ್ಲೆಯ ಬೆಳೆಯೇ, ಆದರೂ ಈ ಕೆಲಸಕ್ಕೆ ಬೇಡ. ಬಿಸಿಲಿಗೆ ಅದರ ಬಣ್ಣ ಹಾರಿಹೋಗುತ್ತದೆ. ಸೋಪು ತಗುಲಿದರೆ, ಸುಣ್ಣ ಬೆರೆತು ಓಕುಳಿಯಾಗುವ ಹಾಗೆ, ಕೆಂಪಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಗುಂಡ್ಲುಪೇಟೆಯ ಹೊಲಗಳಿಂದ ಓಣಂಗೆಂದು ಕೇರಳಕ್ಕೆ ಲಾರಿ ಹತ್ತುವ ಚೆಂಡುಹೂವನ್ನು ಬಿಟ್ಟು ನೀವು ಪೊಟ್ಟಣದ ಬಣ್ಣ ಹುಡುಕುತ್ತೀರಿ!

ಮೊದಲು ಬಟ್ಟೆಯನ್ನು ವಾಷಿಂಗ್ ಸೋಡಾ ನೀರಿನಲ್ಲಿ ಕುದಿಸಿ, ಗಂಜಿಯೆಲ್ಲ ಬಿಡಲಿ. ಅರ್ಧ ಕಿಲೊ ಬಟ್ಟೆಗೆ 100 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆರಿಸಿ ತರುವ ಅಳಲೆಯೇ ಇದು. ಹತ್ತಿಗೆ ಬಣ್ಣ ಸುಲಭವಾಗಿ ಹತ್ತುವುದಿಲ್ಲ, ಅಳಲೆಯ ಒಗರು ಅದನ್ನು ಹಿಡಿದಿಡುತ್ತದೆ. ಹಿಂಡಿ, ಮತ್ತೆ 75 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಒಂದು ರಾತ್ರಿ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಈ ಎರಡು ರಾತ್ರಿ ಉಳಿಸಲು ಹೋಗಿ ಮೊದಲ ಒಗೆತಕ್ಕೇ ಬಣ್ಣ ಕಳೆದುಕೊಳ್ಳಬೇಡಿ.

ಒಂದು ಕಿಲೊ ಚೆಂಡುಹೂವಿನ ಎಸಳು ಬಿಡಿಸಿ. ಹೊಲದ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಹಿತ್ತಲಲ್ಲೇ ಬೆಳೆದಿದ್ದರೆ ಇನ್ನೂ ಒಳ್ಳೆಯದು. ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ, ಸೋಸಿ, ಆ ನೀರಿನಲ್ಲಿ ಬಟ್ಟೆಯನ್ನು ಮುಳುಗಿಸಿ ಇನ್ನೊಂದು ಗಂಟೆ ಕಾಯಿಸಿ. ಸ್ಟೀಲ್ ಪಾತ್ರೆಯೇ ಇರಲಿ, ಕಬ್ಬಿಣದ್ದರಲ್ಲಿ ಹಳದಿ ಮಂಕಾಗುತ್ತದೆ. ಅಡುಗೆಗೆ ಮತ್ತೆ ಆ ಪಾತ್ರೆ ಬಳಸಬೇಡಿ. ನೆರಳಲ್ಲಿ ಒಣಗಿಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಅದಕ್ಕೆ ಬಣ್ಣ ಅಂಟದಿದ್ದರೆ ಮಾತ್ರ ಮಗುವಿಗೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಮಾಡಬೇಡಿ. ಮಗುವನ್ನು ಕಟ್ಟಿಕೊಳ್ಳುವ ಮೊದಲು ಹತ್ತು ಕಿಲೊ ಅಕ್ಕಿ ಚೀಲ ಕಟ್ಟಿಕೊಂಡು ಮನೆಯೊಳಗೆ ಓಡಾಡಿ ನೋಡಿ. ಮಗುವನ್ನು ಎದೆಗೆ ಕಟ್ಟಿಕೊಂಡಾಗ ಅದರ ಮುಖ ಸದಾ ನಿಮಗೆ ಕಾಣಬೇಕು, ಬಗ್ಗಿದರೆ ಹಣೆಗೆ ಮುತ್ತಿಡುವಷ್ಟು ಎತ್ತರದಲ್ಲಿರಬೇಕು. ಗದ್ದ ತನ್ನದೇ ಎದೆಗೆ ಒತ್ತಿದರೆ ಎಳೆಗೂಸಿಗೆ ಉಸಿರು ಕಟ್ಟುತ್ತದೆ. ಮಂಡಿಗಳು ಕುಂಡಿಗಿಂತ ಮೇಲಿರಲಿ. ಹಾಗೆ ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲುವುದು, ಸ್ಕೂಟರ್ ಹತ್ತುವುದು ಖಂಡಿತ ಬೇಡ. ತಿಂಗಳು ತುಂಬುವ ಮುನ್ನ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗುವಾದರೆ, ವೈದ್ಯರನ್ನು ಕೇಳಿಯೇ ಕಟ್ಟಿ.